ಭದ್ರಾವತಿ ಬಾರದ ರೇಡಿಯೋ

ಅರಳಿಕೊಪ್ಪದ ಜಟ್ಟಿಂಗಪ್ಪನ ರೇಡಿಯೋದಲ್ಲಿ ಭದ್ರಾವತಿ ಒಂದನ್ನು ಬಿಟ್ಟು ಪ್ರಪಂಚವೆಲ್ಲ ಬರುತ್ತಿತ್ತು. ಇದನ್ನು ದೋಷವೆಂದು ಅವನು ಯಾವತ್ತೂ ಒಪ್ಪಿದವನಲ್ಲ. ಬೆಳಿಗ್ಗೆ ಬಸ್ ಹತ್ತಿದರೆ ಊಟದ ಹೊತ್ತಿಗೆ ಮುಟ್ಟಬಹುದಾದ ಭದ್ರಾವತಿಯನ್ನು ರೇಡಿಯೋದಲ್ಲಿ ಕೇಳುವ ಕರ್ಮ ಯಾರಿಗೆ ಬೇಕು, ಲಂಡನ್ನಿಗೆ ಬಸ್ ಇದೆಯೇ, ಮಾಸ್ಕೋಗೆ ಇದೆಯೇ ಎಂದು ಕೇಳುತ್ತಿದ್ದ. ಹುಂಚದ ಬಸ್ ದಾರಿಯ ಆ ಪುಟ್ಟ ಊರಿನವರು ಈ ಲೆಕ್ಕವನ್ನು ಒಪ್ಪಿಕೊಂಡಿದ್ದರು.

ಜಟ್ಟಿಂಗಪ್ಪನದು ಸೈಕಲ್ ಶಾಪು. ಬಾಡಿಗೆಗೆ ಸೈಕಲ್, ಮದುವೆ ಮುಂಜಿಗೆ ಪೆಟ್ರೋಮ್ಯಾಕ್ಸ್. ರಸ್ತೆಗೆ ಮುಖ ಮಾಡಿದ ಮನೆಯ ಜಗಲಿಯ ಒಂದು ಮಗ್ಗುಲಿಗೆ ಅಂಗಡಿ, ಇನ್ನೊಂದು ಮಗ್ಗುಲಿಗೆ ಅವನ ತಂದೆ ಸುಬ್ಬಪ್ಪನ ಹಾಸಿಗೆ. ಒಮ್ಮೆ ಟಯರು ತರಲು ಸಾಗರಕ್ಕೆ ಹೋಗಿದ್ದಾಗ, ಶರಾವತಿ ಕಟ್ಟೆಯ ಕೆಲಸ ಮುಗಿಸಿ ಎಲ್ಲಿಗೋ ವರ್ಗವಾಗಿ ಹೊರಟಿದ್ದ ಇಂಜಿನಿಯರೊಬ್ಬರು ಮನೆ ಸಾಮಾನು ಖಾಲಿ ಮಾಡುತ್ತಿದ್ದರು. ಜಟ್ಟಿಂಗಪ್ಪ ಟಯರು ಬಿಟ್ಟು ರೇಡಿಯೋ ತಂದ. ಅದರ ಬೆಲೆ ಏನೆಂದು ಹೆಂಡತಿ ಗುತ್ಯಮ್ಮ ಕೇಳಿದಾಗಲೆಲ್ಲ ಅವನು ಅದರ ಬ್ಯಾಂಡುಗಳ ಸಂಖ್ಯೆ ಹೇಳುತ್ತಿದ್ದ.

ಬ್ಯಾಂಡು ಎಂಟು. ಗಾತ್ರ ಸಣ್ಣ ಕಣಜದಷ್ಟು. ಮುಖದ ನಡುವೆ ಒಂದು ಹಸಿರು ಕಣ್ಣು, ಸ್ಟೇಷನ್ ಸರಿಯಾಗಿ ಸಿಕ್ಕಿದರೆ ಅದು ಕಿರಿದಾಗುತ್ತಿತ್ತು. ಊರಿಗಿನ್ನೂ ಕರೆಂಟು ಬಂದಿರಲಿಲ್ಲ. ರೇಡಿಯೋ ಓಡುತ್ತಿದ್ದುದು ಮೋಟಾರು ಬ್ಯಾಟರಿಯ ಮೇಲೆ. ಬ್ಯಾಟರಿ ಆಗಾಗ ಚಾರ್ಜಿಗೆಂದು ಬಸ್ಸಿನ ಟಾಪಿನಲ್ಲಿ ಕೂತು ತೀರ್ಥಹಳ್ಳಿಗೆ ಹೋಗುತ್ತಿತ್ತು. ಅದು ತಿರುಗಿ ಬರುವವರೆಗೆ ಪ್ರಪಂಚದಲ್ಲಿ ಏನೂ ನಡೆಯುತ್ತಿರಲಿಲ್ಲ.

ಹಲಸಿನ ಮರದಿಂದ ತೆಂಗಿನ ಮರಕ್ಕೆ ಏರಿಯಲ್ ತಂತಿ. ಬಚ್ಚಲ ಹಿಂದೆ ನೆಲಕ್ಕೆ ಹೂತ ತಾಮ್ರದ ಸರಳು ಅರ್ತು. ಅರ್ತಿನ ಬುಡ ಸದಾ ಹಸಿಯಾಗಿರಬೇಕು, ಒಣಗಿದರೆ ದೂರದ ಸ್ಟೇಷನ್ನುಗಳು ಕೈಬಿಡುತ್ತವೆ. ಅಂಗಡಿಯಿಂದ ಜಟ್ಟಿಂಗಪ್ಪ, “ಮಾಸ್ಕೋ ಒಣಗ್ತಾ ಇದೆ, ಒಂದು ಕೊಡ ನೀರು ಹಾಕೇ” ಎಂದು ಕೂಗುತ್ತಿದ್ದ. ಗುತ್ಯಮ್ಮ ಎಷ್ಟೋ ದಿನ ಗೊಣಗಿದಳು. ಆಮೇಲೆ ಸರಳಿನ ಪಕ್ಕ ಒಂದು ಕರಿಬೇವಿನ ಗಿಡ ನೆಟ್ಟಳು. ಮಾಸ್ಕೋದ ದೆಸೆಯಿಂದ ಅದು ಸೊಂಪಾಗಿ ಬೆಳೆಯಿತು.

ಈ ರೇಡಿಯೋಗೆ ಇನ್ನೊಂದು ಗುಣವಿತ್ತು. ಜೋರಾಗಿ ಬರುವ ಸ್ಟೇಷನ್ ಇದ್ದರೆ ಅದು ಒಂದೇ ಕಡೆ ಬರುತ್ತಿರಲಿಲ್ಲ; ಮುಳ್ಳು ತಿರುಗಿಸುತ್ತ ಹೋದರೆ ಮತ್ತೆರಡು ಕಡೆ, ಬೇರೆ ಊರುಗಳ ಹೆಸರಿನ ಎದುರಿಗೂ ಅದೇ ಹಾಡು, ಅದೇ ಮಾತು ಕೇಳಿಸುತ್ತಿತ್ತು. ದೊಡ್ಡ ಸೆಟ್ಟುಗಳಿಗೆ ಇಂಥ ಚಾಳಿ ಇರುವುದುಂಟು. ಇಂಜಿನಿಯರು ಕೊಡುವಾಗಲೇ ಅದನ್ನು ಇಂಗ್ಲಿಷಿನಲ್ಲಿ ವಿವರವಾಗಿ ತಿಳಿಸಿದ್ದರು. ಜಟ್ಟಿಂಗಪ್ಪ ಬಹಳ ಗೌರವದಿಂದ ತಲೆಯಾಡಿಸಿದ್ದ.

ತಲೆಯಾಡಿಸುವುದರಲ್ಲಿ ಅವನನ್ನು ಮೀರಿಸುವವರಿಲ್ಲ. ರೇಡಿಯೋದಲ್ಲಿ ಯಾವ ದೇಶದವರು ಏನೇ ಒದರಲಿ, ಕಣ್ಣು ಮುಚ್ಚಿ ಕೇಳಿ, ಪಂಕ್ಚರ್ ಹಾಕಿಸಲು ಬಂದವರಿಗೆ ಸಾರಾಂಶ ಹೇಳುತ್ತಿದ್ದ. ಮಾಸ್ಕೋದವರಿಗೆ ಇವತ್ತು ಸ್ವಲ್ಪ ಸಿಟ್ಟು ಬಂದಿದೆ. ಲಂಡನ್ನಿನವರು ಏನೋ ಮುಚ್ಚಿಡುತ್ತಿದ್ದಾರೆ. ಯಾರೂ ತಕರಾರು ಮಾಡಲಿಲ್ಲ. ಪಂಚಾಯ್ತಿಗೆ ಸರ್ಕಾರ ಕೊಟ್ಟ ರೇಡಿಯೋ ಒಂದಿತ್ತು, ಅದರೊಳಗೆ ಇಲಿ ಸಂಸಾರ ಹೂಡಿ ವರ್ಷವಾಗಿತ್ತು.

ಇಷ್ಟಕ್ಕೇ ನಿಂತಿದ್ದರೆ ಕಥೆಯಿಲ್ಲ. ಆದರೆ ಹಿಂದಿನ ವರ್ಷ ದೆಹಲಿಯ ದೊಡ್ಡವರೊಬ್ಬರು ತೀರಿಕೊಂಡು ದೇಶವೆಲ್ಲ ಶೋಕದಲ್ಲಿದ್ದ ದಿನ ಅರಳಿಕೊಪ್ಪದ ಶಾಲೆಯಲ್ಲಿ ಮಕ್ಕಳ ಕೋಲಾಟ ನಡೆದಿತ್ತು. ಹೋಬಳಿಯ ಕಂದಾಯದ ಅಧಿಕಾರಿ, ಶೇಕ್ದಾರ್ ಹೂವಯ್ಯನವರು, ಮುಂದಿನ ಸಾಲಿನಲ್ಲಿ ಕೂತು ಚಪ್ಪಾಳೆ ತಟ್ಟಿದ್ದರು. ಮರುದಿನ ಬಸ್ಸಿನಲ್ಲಿ ಪತ್ರಿಕೆ ಬಂತು. ಅದರ ಹಿಂದೆಯೇ ಶೇಕ್ದಾರರಿಗೂ ಹೆಡ್‌ಮಾಸ್ತರ್ ಗಿರಿಯಪ್ಪನವರಿಗೂ ಮೇಲಿನವರಿಂದ ಒಂದೊಂದು ಮೆಮೋ ಬಂತು. ಇಬ್ಬರೂ ಎಷ್ಟೋ ದಿನ ಊಟ ಸೇರದೆ ಓಡಾಡಿದರು. ರೇಡಿಯೋ ತಂದ ಹೊಸತರಲ್ಲಿ ಜಟ್ಟಿಂಗಪ್ಪ ಅವರಿಬ್ಬರನ್ನೂ ಕರೆದು ಕೂರಿಸಿ, ಹಸಿರು ಕಣ್ಣು ತೋರಿಸಿ, ಮಾತು ಕೊಟ್ಟಿದ್ದ. “ಇನ್ ಮೇಲೆ ದೊಡ್ಡವರು ಯಾರೇ ಹೋಗ್ಲಿ, ಜಿಲ್ಲೆಗೇ ಮೊದಲು ನಮ್ಮೂರಿಗೆ ಗೊತ್ತಾಗ್ತದೆ. ಅದು ನಂಗೆ ಬಿಡಿ.”

ಹೀಗೆ ಮಾತು ಕೊಟ್ಟಿದ್ದವನ ಮಗಳು ಬಂಗಾರಮ್ಮನ ವೀಳ್ಯಶಾಸ್ತ್ರ ಫೆಬ್ರವರಿಯ ಒಂದು ದಿನ ಗೊತ್ತಾಯಿತು. ನಿಟ್ಟೂರಿನ ಬೆಳ್ಳಪ್ಪನ ಮಗ, ಸೊಸೈಟಿಯಲ್ಲಿ ಗುಮಾಸ್ತ. ಹಿಂದೆ ಬಂದ ಸಂಬಂಧಗಳಿಗೆಲ್ಲ ಮುಖ ತಿರುಗಿಸಿದ್ದ ಹುಡುಗಿ ಈ ಹುಡುಗನನ್ನು ನೋಡಿ, “ಆಗಬಹುದು” ಎಂದಿದ್ದಳು. ಅವಳು ಅಷ್ಟು ಹೇಳಿದ್ದು ಗುತ್ಯಮ್ಮನಿಗೆ ಹಾಲು ಕುಡಿದಷ್ಟು ಸಂತೋಷ. ಮಧ್ಯಾಹ್ನದ ಬಸ್ಸಿಗೆ ಬೀಗರು ಬರುವುದು, ದೀಪ ಹಚ್ಚುವ ಮೊದಲು ವೀಳ್ಯ ಬದಲಾಯಿಸುವುದು, ರಾತ್ರಿ ಊಟ, ಮರುದಿನ ಮೊದಲ ಬಸ್ಸಿಗೆ ಹೊರಡುವುದು. ಬೆಳ್ಳಪ್ಪ ಬಹಳ ಶಾಸ್ತ್ರದ ಮನುಷ್ಯ ಎಂದು ಎಲ್ಲರೂ ಎಚ್ಚರಿಸಿದ್ದರು. ಈ ದಿನ ತಪ್ಪಿದರೆ ಯುಗಾದಿ ಕಳೆಯುವವರೆಗೆ ಒಳ್ಳೆಯ ದಿನವಿಲ್ಲ, ಅಷ್ಟರೊಳಗೆ ತೀರ್ಥಹಳ್ಳಿ ಕಡೆಯ ಇನ್ನೊಂದು ಸಂಬಂಧವನ್ನು ಅವನು ನೋಡುತ್ತಾನೆ ಎಂಬ ಸುದ್ದಿಯೂ ಇತ್ತು.

ಆ ದಿನ ಬೆಳಿಗ್ಗೆ ಜಟ್ಟಿಂಗಪ್ಪ ಬೀಗರಿಗೆ ಕೇಳಿಸಲು ಒಂದು ಒಳ್ಳೆಯ ಸ್ಟೇಷನ್ ಹುಡುಕಿಟ್ಟುಕೊಳ್ಳೋಣವೆಂದು ಗುಂಡಿ ತಿರುಗಿಸಿದ. ಪಿಟೀಲಿನಂಥದ್ದೊಂದು ವಾದ್ಯ, ಹತ್ತಾರು ಸೇರಿ, ನಿಧಾನಕ್ಕೆ ಕೊಯ್ಯುತ್ತಿತ್ತು. ಮಾತಿಲ್ಲ, ಹಾಡಿಲ್ಲ. ದೊಡ್ಡವರು ಸತ್ತ ದಿನ ರೇಡಿಯೋದವರು ಇಂಥದ್ದನ್ನೇ ಹಾಕುತ್ತಾರೆಂದು ಅವನಿಗೆ ಗೊತ್ತಿತ್ತು. ಮುಳ್ಳು ತಿರುಗಿಸಿದ. ಇನ್ನೊಂದು ದೇಶದ ಹೆಸರಿನ ಎದುರಿಗೂ ಅದೇ. ಇನ್ನೂ ತಿರುಗಿಸಿದ. ಮೂರನೆಯ ದೇಶವೂ ಅಳುತ್ತಿತ್ತು.

ಅವನು ಮೆಲ್ಲಗೆ ಒಳಗೆ ಹೋಗಿ ಗುತ್ಯಮ್ಮನಿಗೆ ಹೇಳಿದ. ಅವಳು ಕಡುಬಿನ ಹಿಟ್ಟು ನಾದುತ್ತಿದ್ದಳು. ಯಾರು ಸತ್ತದ್ದು ಎಂದಳು. ಹೆಸರು ಇನ್ನೂ ಬಂದಿಲ್ಲ, ಆದರೆ ಮೂರು ದೇಶದವರಿಗೆ ಬೇಕಾದವರು ಎಂದ ಇವನು.

“ಹಂಗಾದ್ರೆ ನಮಗೆ ಬೇಕಾದವರಲ್ಲ. ಬಂದ್ ಮಾಡಿ ಅದನ್ನ. ನಾಳೆ ಬೀಗರು ಹೋದ ಮೇಲೆ ಸಾಯ್ಲಿ ಯಾರು ಬೇಕಾದ್ರೂ” ಎಂದಳು.

ಒಳ್ಳೆಯ ಸಲಹೆ. ಜಟ್ಟಿಂಗಪ್ಪನೂ ಬಂದ್ ಮಾಡಲೆಂದೇ ಹೊರಗೆ ಬಂದ. ಆದರೆ ರೇಡಿಯೋದ ಎದುರು ಹೆಡ್‌ಮಾಸ್ತರ್ ಗಿರಿಯಪ್ಪನವರು, ಸೈಕಲ್ಲಿಗೆ ಗಾಳಿ ಹಾಕಿಸಲು ಬಂದವರು, ಟೋಪಿ ಕೈಯಲ್ಲಿ ಹಿಡಿದು ತಲೆ ತಗ್ಗಿಸಿ ನಿಂತಿದ್ದರು. ಮೆಮೋದ ಗಾಯ ಆರಿರದ ಮನುಷ್ಯ. ಯಾರು ಎಂದು ಪಿಸುಗುಟ್ಟಿದರು. ಗೊತ್ತಿಲ್ಲ ಎಂದುಬಿಟ್ಟಿದ್ದರೆ ಮುಗಿದುಹೋಗುತ್ತಿತ್ತು. ಆದರೆ ಅಷ್ಟು ದಿನ ಪ್ರಪಂಚವನ್ನೆಲ್ಲ ತಿಳಿದುಕೊಂಡಿದ್ದ ಬಾಯಿಗೆ ಆ ಮಾತು ಬರಲಿಲ್ಲ. ಜಟ್ಟಿಂಗಪ್ಪ ಕಣ್ಣು ಮುಚ್ಚಿ, ಮೂರು ಕಡೆಯೂ ಮುಳ್ಳು ತಿರುಗಿಸಿ ಕೇಳಿಸಿ, “ನಾ ಏನೂ ಹೇಳೋ ಸ್ಥಿತೀಲಿ ಇಲ್ಲ ಮೇಷ್ಟ್ರೇ” ಎಂದ.

ಮೇಷ್ಟ್ರು ಗಾಳಿ ಹಾಕಿಸಿಕೊಳ್ಳದೆ ಓಡಿದರು.

ಸ್ವಲ್ಪ ಹೊತ್ತಿಗೆ ಶಾಲೆಯ ಗಂಟೆ ಉದ್ದಕ್ಕೆ ಬಾರಿಸಿತು. ಮಕ್ಕಳು ರಸ್ತೆಯ ತಿರುವಿನವರೆಗೆ ದುಃಖದಿಂದ ನಡೆದು, ಆಮೇಲೆ ಕೂಗಿಕೊಂಡು ಓಡಿದರು. ಶೇಕ್ದಾರ್ ಹೂವಯ್ಯನವರು ಅರ್ಧ ಗಡ್ಡ ಹೆರೆದುಕೊಂಡವರು ಹಾಗೇ ಬಂದರು. ಧ್ವಜ ಅರ್ಧಕ್ಕೆ ಇಳಿಸಬೇಕು ಎಂದರು. ಇಳಿಸಬೇಕಾದರೆ ಮೊದಲು ಏರಿಸಿರಬೇಕು. ಶಾಲೆಯ ಪೆಟ್ಟಿಗೆಯಿಂದ ಧ್ವಜ ತೆಗೆದು ಏರಿಸಿದರು. ಜನವರಿ ಇಪ್ಪತ್ತಾರರಂದು ಗಾಳಿಯಿಲ್ಲದೆ ಉದುರದೇ ಉಳಿದಿದ್ದ ಸೇವಂತಿಗೆ ಪಕಳೆಗಳು ಈಗ ಉದುರಿದವು. ಹೊರಡದೆ ಉಳಿದಿದ್ದ ಒಂದಿಬ್ಬರು ಮಕ್ಕಳು ರೂಢಿಯಂತೆ ಚಪ್ಪಾಳೆ ತಟ್ಟಿದರು, ಬೈಸಿಕೊಂಡರು. ಆಮೇಲೆ ಶೇಕ್ದಾರರು ಸ್ವತಃ ಹಗ್ಗ ಹಿಡಿದು ಧ್ವಜವನ್ನು ನಡುವಿಗೆ ತಂದು ನಿಲ್ಲಿಸಿದರು. ಜಿಲ್ಲೆಯಲ್ಲೇ ಮೊದಲ ಅರ್ಧ ಧ್ವಜ ತಮ್ಮದೆಂಬುದರಲ್ಲಿ ಅವರಿಗೆ ಸಂಶಯವಿರಲಿಲ್ಲ.

ಹೋಟೆಲಿನ ದುರ್ಗಮ್ಮ ಮುಂದಿನ ಬಾಗಿಲು ಹಾಕಿ ಹಿಂದಿನ ಬಾಗಿಲು ತೆರೆದಳು. ಸಂಜೆಯ ಶಾಸ್ತ್ರಕ್ಕೆಂದು ಬಂದಿದ್ದ ವಾಲಗದವರು, ಇಂಥ ದಿನ ಊದಿದರೆ ಶೇಕ್ದಾರರು ಹಿಡಿದು ಹಾಕುತ್ತಾರೆಂದು ಡೋಲು ಹೊತ್ತು ಹೊರಟೇಹೋದರು. ಹೊಸನಗರದ ಕಡೆಯಿಂದ ಬೆಳಗಿನ ಬಸ್ ಬಂತು. ಕಂಡಕ್ಟರನನ್ನು ಕೇಳಿದರೆ, ಹೊಸನಗರದಲ್ಲಿ ಅಂಗಡಿಗಳೆಲ್ಲ ತೆರೆದಿವೆ, ಸಂತೆಯೂ ಸೇರಿದೆ ಎಂದ. ಊರಿನವರು ಒಬ್ಬರ ಮುಖ ಒಬ್ಬರು ನೋಡಿಕೊಂಡರು.

“ಪಾಪ, ಅವರಿಗೆ ಇನ್ನೂ ಗೊತ್ತಾಗಿಲ್ಲ” ಎಂದರು ಮೇಷ್ಟ್ರು.

ಹೆಸರು ಮಾತ್ರ ತಿಳಿಯಲಿಲ್ಲ. ದೆಹಲಿಯ ಕನ್ನಡ ವಾರ್ತೆ ಈ ರೇಡಿಯೋದಲ್ಲಿ ಬರುವುದು ಸಂಜೆಗತ್ತಲಾದ ಮೇಲೆಯೇ. ಹೆಸರಿಗಾಗಿ ಕಾದರೆ ಸಂತಾಪ ಸಭೆ ತಡವಾಗುತ್ತದೆ, ತಡವಾದರೆ ಮೆಮೋ. ಸಭೆ ಮಧ್ಯಾಹ್ನವೇ, ಜಟ್ಟಿಂಗಪ್ಪನ ಜಗಲಿಯ ಮುಂದೆಯೇ ಆಗಲಿ, ನಡುವೆ ಹೆಸರು ಬಂದರೆ ಸೇರಿಸಿಕೊಳ್ಳೋಣ ಎಂದು ತೀರ್ಮಾನವಾಯಿತು. ಹೂವಿನ ಹಾರ ಹಾಕಲು ಫೋಟೋ ಬೇಕಲ್ಲ. ಯಾರದೆಂದು ಹಾಕುವುದು? ಕೊನೆಗೆ ಸುದ್ದಿ ತಂದದ್ದು ರೇಡಿಯೋ ಆದ್ದರಿಂದ ಅದಕ್ಕೇ ಹಾಕುವುದೆಂದಾಯಿತು. ಹಾರ ಬಂದದ್ದು ಬಂಗಾರಮ್ಮನ ಶಾಸ್ತ್ರಕ್ಕೆ ಕಟ್ಟಿಟ್ಟ ಹೂವಿನಿಂದ. ಗುತ್ಯಮ್ಮ ಬಾಗಿಲಲ್ಲಿ ನಿಂತು ಗಂಡನನ್ನು ನೋಡಿದಳು. ಗಂಡ ಹಲಸಿನ ಮರ ನೋಡಿದ.

ಮೇಜಿನ ಮೇಲೆ ರೇಡಿಯೋ, ಅದಕ್ಕೆ ಹಾರ, ಮುಂದೆ ಎಣ್ಣೆ ದೀಪ, ಒಂದು ಕಟ್ಟು ಊದುಬತ್ತಿ. ಅಂಗಡಿಯ ಮುಂದೆ ಜನಕ್ಕೆ ಜಾಗ ಸಾಲದೆ, ಏರಿಯಲ್ ತಂತಿ ಮುಟ್ಟುವಷ್ಟು ದೂರ, ಜಗಲಿಯ ಇನ್ನೊಂದು ತುದಿಗೆ ಮೇಜನ್ನು ಎಳೆದಿದ್ದರು. ಅಲ್ಲಿ ಸುಬ್ಬಪ್ಪ ಊಟ ಮುಗಿಸಿ, ನೊಣ ಕಾಡದಿರಲೆಂದು ಬಿಳಿ ಪಂಚೆಯನ್ನು ತಲೆಯಿಂದ ಕಾಲಿನವರೆಗೆ ಎಳೆದುಕೊಂಡು ನಿದ್ದೆಹೋಗಿದ್ದ. ಮುದುಕನ ನಿದ್ದೆ ಕೆಡಿಸುವುದು ಬೇಡವೆಂದು ಎಲ್ಲರೂ ಮರ್ಯಾದೆಯಿಂದ ಸುತ್ತ ಕೂತರು.

ಗಿರಿಯಪ್ಪ ಮೇಷ್ಟ್ರು ಮಾತಾಡಿದರು. ಅಗಲಿದವರು ಎಲ್ಲರನ್ನೂ ಪ್ರೀತಿಸುತ್ತಿದ್ದರು ಎಂದರು. ಯಾರ ಮನಸ್ಸನ್ನೂ ನೋಯಿಸಿದವರಲ್ಲ. ಅವರ ಉಡುಪು ಅವರ ದೇಶಕ್ಕೆ ತಕ್ಕಂತಿತ್ತು. ಅವರು ಗಂಡಸಾಗಿದ್ದರೆ ಮಾನವಕುಲದ ತಂದೆಯಂತಿದ್ದರು, ಹೆಂಗಸಾಗಿದ್ದರೆ ತಾಯಿಯಂತಿದ್ದರು. ದುರ್ಗಮ್ಮ ಸೆರಗಿನಲ್ಲಿ ಕಣ್ಣೊರೆಸಿಕೊಂಡು, ಮಕ್ಕಳು ಮರಿ ಇದ್ದವೋ ಏನೋ ಎಂದಳು. ಶೇಕ್ದಾರರು ಸರ್ಕಾರದ ಪರವಾಗಿ ದುಃಖಪಟ್ಟರು. ಆಮೇಲೆ ಎಲ್ಲರೂ ಎದ್ದು ನಿಂತು ಎರಡು ನಿಮಿಷ ಮೌನ. ಮೇಷ್ಟ್ರು ಕೈಗಡಿಯಾರ ನೋಡಿಕೊಂಡು ಶುರುಮಾಡಿದರು. ಆ ಗಡಿಯಾರ ಬೆಳಿಗ್ಗೆ ಓಡಿದ ಗಡಿಬಿಡಿಯಲ್ಲಿ ಕೀಲಿ ಕಾಣದೆ ನಿಂತುಹೋಗಿತ್ತು. ಮೇಷ್ಟ್ರು ಆಗಾಗ ನೋಡುತ್ತಿದ್ದರು, ಇನ್ನೂ ಎರಡು ನಿಮಿಷ ಆಗಿರಲಿಲ್ಲ. ಮೌನ ಮುರಿಯುವ ಧೈರ್ಯ ಯಾರಿಗೂ ಇರಲಿಲ್ಲ.

ಬೀಗರ ಬಸ್ ಬಂದದ್ದು ಆ ಮೌನದ ನಡುವೆ.

ನಿಟ್ಟೂರಿನ ಬೆಳ್ಳಪ್ಪ, ಅವನ ಅಕ್ಕ ಮಾಸ್ತಮ್ಮ, ನಾಲ್ಕಾರು ಹೆಂಗಸರು ಗಂಡಸರು ಹಣ್ಣು, ಸೀರೆ, ವೀಳ್ಯದೆಲೆಯ ತಟ್ಟೆ ಹಿಡಿದು ಇಳಿದರು. ಬಾಗಿಲು ಹಾಕಿದ ಹೋಟೆಲು ಕಂಡರು. ಅರ್ಧಕ್ಕೆ ನಿಂತ ಧ್ವಜ ಕಂಡರು. ಮುಂದೆ ಬಂದರೆ ಬೀಗರ ಮನೆಯ ಮುಂದೆ ಊರಿಗೆ ಊರೇ ತಲೆ ತಗ್ಗಿಸಿ ನಿಂತಿದೆ. ಜಗಲಿಯಲ್ಲಿ ಬಿಳಿ ಪಂಚೆ ಹೊದೆಸಿ ಮಲಗಿಸಿದ್ದಾರೆ. ತಲೆದೆಸೆಯಲ್ಲಿ ದೀಪ, ಹೊಗೆ, ಹೂವಿನ ಹಾರ.

ಬೆಳ್ಳಪ್ಪ ಶಾಸ್ತ್ರ ಬಲ್ಲವನು, ಯಾರನ್ನೂ ಏನೂ ಕೇಳಲಿಲ್ಲ. ತಟ್ಟೆಗಳನ್ನು ಅರಳಿಮರದ ಕೆಳಗೆ ದೂರದಲ್ಲೇ ಇಡಿಸಿ, ಚಪ್ಪಲಿ ಬಿಟ್ಟು ಬಂದು, ಸ್ವಲ್ಪ ಹೊತ್ತು ತಲೆ ತಗ್ಗಿಸಿ ನಿಂತ. ಆಮೇಲೆ ಕಣ್ಣು ಮುಚ್ಚಿ ನಿಂತಿದ್ದ ಜಟ್ಟಿಂಗಪ್ಪನ ಹೆಗಲ ಮೇಲೆ ಒಮ್ಮೆ ಕೈಯಿಟ್ಟು, ತನ್ನವರನ್ನು ಕರೆದುಕೊಂಡು ಹೊರಟುಹೋದ. ಜಟ್ಟಿಂಗಪ್ಪ ಕಣ್ಣು ಬಿಟ್ಟಾಗ ಅವರ ಬೆನ್ನು ಕಂಡಿತು. ಮೌನ ಮುಗಿಯಲೆಂದು ಆಚೆ ನಿಲ್ಲಲು ಹೋದರು, ಎಷ್ಟು ಸಂಸ್ಕಾರದ ಜನ ಎಂದುಕೊಂಡ.

ಗುತ್ಯಮ್ಮ ಬೆಲ್ಲ ನೀರು ಹಿಡಿದು ಹೊರಗೆ ಬಂದು ಎಲ್ಲಿ ಬೀಗರು ಎಂದಳು. ಇವನು ರಸ್ತೆ ತೋರಿಸಿದ.

“ಹೋಗುವಾಗ ಬರ್ತೀವಿ ಅಂದ್ರಾ?”

“ಎಂತದೂ ಅನ್ಲಿಲ್ಲ. ಹೆಗಲು ಮುಟ್ಟಿ ಹೋದ್ರು.”

ಗುತ್ಯಮ್ಮ ತಂಬಿಗೆಯನ್ನು ಕೆಳಗಿಟ್ಟಳು. ನಮ್ಮ ಕಡೆ ಯಾರ ಮನೆಯಿಂದ ಹೊರಟರೂ ‘ಬರ್ತೀನಿ’ ಎನ್ನದೆ ಹೊರಡುವುದಿಲ್ಲ. ಜಗಳವಾಡಿ ಇನ್ನು ಈ ಹೊಸಿಲು ತುಳಿಯುವುದಿಲ್ಲ ಎಂದು ಆಣೆಯಿಟ್ಟವನು ಕೂಡ, ರೂಢಿಬಲದಿಂದ, ಬರ್ತೀನಿ ಎಂದೇ ಹೋಗುತ್ತಾನೆ. ಆ ಮಾತು ಹೇಳದೆ ಎದ್ದುಹೋಗುವುದು ಒಂದೇ ಕಡೆಯಿಂದ, ಸಾವಾದ ಮನೆಯಿಂದ. ಅವಳು ನಿಧಾನಕ್ಕೆ ತಿರುಗಿ, ರಸ್ತೆಯಲ್ಲಿ ನಿಂತವರಿಗೆ ಏನು ಕಂಡೀತೋ ಅದನ್ನು ತಾನೂ ನೋಡಿದಳು. ಊದುಬತ್ತಿ ನೋಡಿದಳು, ಹಾರ ನೋಡಿದಳು, ಮಾವನ ಪಂಚೆ ನೋಡಿದಳು.

“ಮಾವ, ಏಳಿ” ಎಂದಳು.

ಪಂಚೆಯೊಳಗಿಂದ ಸುಬ್ಬಪ್ಪ, ಕಾಫಿ ಆಯ್ತಾ ಎಂದು ಕೇಳಿದ.

ಆಮೇಲಿನ ಆಜ್ಞೆಗಳನ್ನು ಗುತ್ಯಮ್ಮನೇ ಕೊಟ್ಟಳು. ಸತ್ತ ಮನೆಗೆ ಹೋದವರು ಸ್ನಾನ ಮಾಡದೆ ಬಸ್ ಹತ್ತುವುದಿಲ್ಲ, ಊರಾಚೆಯ ಹಳ್ಳದಲ್ಲೇ ಸಿಗುತ್ತಾರೆ. ಗಂಡನೊಬ್ಬನೇ ಹೋಗಿ ಮಾವ ಬದುಕಿದ್ದಾರೆ ಎಂದು ಹೇಳಿದರೆ ಅವರು ನಂಬಲಿಕ್ಕಿಲ್ಲ, ಅವನ ಮಾತಿನ ಮೇಲೆ ತನಗೇ ನಂಬಿಕೆ ಹೋಗಿದೆ. ಆದ್ದರಿಂದ ಮಾವನನ್ನೇ ಕರೆದುಕೊಂಡು ಹೋಗಬೇಕು. ಜಟ್ಟಿಂಗಪ್ಪ ಅಪ್ಪನನ್ನು ಬಾಡಿಗೆ ಸೈಕಲ್ಲಿನ ಕ್ಯಾರಿಯರ್ ಮೇಲೆ ಕೂರಿಸಿಕೊಂಡು ತುಳಿದ. ಬಾಗಿಲ ಹಿಂದೆ ಬಂಗಾರಮ್ಮ ಹೊಸ ಸೀರೆಯಲ್ಲಿ ನಿಂತು ಅಳು ನುಂಗುತ್ತಿದ್ದುದು ಅವನಿಗೆ ಕಂಡಿತ್ತು. ಅದನ್ನು ಕಂಡ ಮೇಲೆ ಅವನಿಗೆ ಲಂಡನ್ನೂ ಬೇಡ, ಮಾಸ್ಕೋನೂ ಬೇಡ ಅನ್ನಿಸಿಬಿಟ್ಟಿತು.

ನಿಟ್ಟೂರಿನವರೆಲ್ಲ ಹಳ್ಳದಲ್ಲಿ ಉಟ್ಟ ಬಟ್ಟೆಯಲ್ಲೇ ಮುಳುಗೇಳುತ್ತಿದ್ದರು. ಫೆಬ್ರವರಿಯ ನೀರು, ಹಲ್ಲು ಕಟಕಟ ಅನ್ನುತ್ತಿತ್ತು. ಬೆಳ್ಳಪ್ಪ ಮೂರನೆಯ ಮುಳುಗು ಹಾಕಿ ಎದ್ದಾಗ ದಡದಲ್ಲಿ ಸೈಕಲ್ ನಿಂತಿತ್ತು, ಕ್ಯಾರಿಯರಿನಿಂದ ಸುಬ್ಬಪ್ಪ ಇಳಿಯುತ್ತಿದ್ದ.

“ಬೆಳ್ಳಪ್ಪಾ, ಇದೆಂತ ಮಾರಾಯ, ಈ ಹೊತ್ನಲ್ಲಿ ಸ್ನಾನ?”

ಬೆಳ್ಳಪ್ಪ ಮುಖದ ನೀರು ಒರೆಸಿಕೊಂಡು ಇನ್ನೊಮ್ಮೆ ನೋಡಿದ. “ನಿಮ್ದೇ, ಸುಬ್ಬಪ್ಪಣ್ಣ” ಎಂದ.

ಸುಬ್ಬಪ್ಪ ಒಂದು ಕಲ್ಲಿನ ಮೇಲೆ ಕೂತು ವಿಷಯ ತಿಳಿದುಕೊಂಡ. ಎಷ್ಟು ಜನ ಸೇರಿದ್ದರು ಎಂದು ಕೇಳಿದ. ಊರೇ ಸೇರಿತ್ತು ಎಂದು ಬೆಳ್ಳಪ್ಪ ಹೇಳಿದ. ಹೂವಿನ ಹಾರ ಇತ್ತೇ, ಇತ್ತು. ಶೇಕ್ದಾರರು ಬಂದಿದ್ದರೇ, ಬಂದಿದ್ದರು. ಮುದುಕನಿಗೆ ಒಟ್ಟಿನಲ್ಲಿ ಸಮಾಧಾನವಾಯಿತು. ಮಾಸ್ತಮ್ಮ ಮಾತ್ರ ಒದ್ದೆ ಸೆರಗು ಹಿಂಡುತ್ತ, ಇವರು ಬದುಕಿದ್ದರೆ ಅಲ್ಲಿ ಸತ್ತವರು ಯಾರು ಎಂದು ಕೇಳಿದಳು.

ಜಟ್ಟಿಂಗಪ್ಪ ಮೂರು ದೇಶದ ವಿಷಯ ಹೇಳತೊಡಗಿದ. ಬೆಳ್ಳಪ್ಪ ಕೈಯೆತ್ತಿ ನಿಲ್ಲಿಸಿದ.

“ನಂಗೆ ದೇಶ ಬ್ಯಾಡ ಭಾವ. ನೀವು ಹಾರ ಹಾಕಿ, ದೀಪ ಹಚ್ಚಿ ಕೂತಿದೀರಿ. ಸತ್ತಿದ್ರೆ ಆ ಜಗಲೀಲಿ ಇವತ್ತು ನಾ ವೀಳ್ಯ ಹಿಡಿಯಲ್ಲ. ಸತ್ತಿಲ್ಲ ಅಂದ್ರೆ ಹಿಡೀತೀನಿ. ಎರಡ್ರಲ್ಲಿ ಒಂದನ್ನ ನಿಮ್ಮೂರಿನವರ ಎದುರಿಗೇ ಹೇಳಿ. ದೀಪ ಹಚ್ಚೋ ಹೊತ್ತು ಮೀರಿದ್ರೆ ನಾವು ಸಂಜೆ ಬಸ್ಸಿಗೆ ಹೊರಟ್ವಿ.”

ಜಟ್ಟಿಂಗಪ್ಪನ ಕಷ್ಟ ಯಾರಿಗೂ ಬೇಡ. ಯಾರೋ ಸತ್ತಿರಲೇಬೇಕು, ಇಲ್ಲವಾದರೆ ಊರಿನಲ್ಲಿ ಅವನು ತಲೆಯೆತ್ತುವಂತಿಲ್ಲ. ಯಾರೂ ಸತ್ತಿರಕೂಡದು, ಸತ್ತಿದ್ದರೆ ಮಗಳ ಸಂಬಂಧ ಹೋಯಿತು. ದೆಹಲಿಯವರು ಬಾಯಿ ಬಿಡುವುದು ಕತ್ತಲಾದ ಮೇಲೆ. ಅಪ್ಪನನ್ನು ಮತ್ತೆ ಕ್ಯಾರಿಯರ್ ಮೇಲೆ ಕೂರಿಸಿಕೊಂಡು, ಹಿಂದೆ ಒದ್ದೆ ಬಟ್ಟೆಯ ಬೀಗರ ಮೆರವಣಿಗೆ ಇಟ್ಟುಕೊಂಡು ಅವನು ಊರಿಗೆ ಬಂದ.

ಮೌನ ಅಷ್ಟರಲ್ಲಿ ಮುಗಿದಿತ್ತು. ಜಟ್ಟಿಂಗಪ್ಪ ರೇಡಿಯೋ ಹಾಕಿದ. ಬೆಳಗಿನ ಸ್ಟೇಷನ್ನೇ ಸಿಕ್ಕಿತು, ಬೆಳಗಿನ ಸಂಗೀತವೇ. ಎರಡನೆಯ ದೇಶದಲ್ಲೂ ಅದೇ, ಮೂರನೆಯದರಲ್ಲೂ ಅದೇ. ನೋಡಿ, ಇನ್ನೂ ನಿಂತಿಲ್ಲ ಎಂದು ಮೇಷ್ಟ್ರು ಗದ್ಗದರಾದರು. ಬೆಳ್ಳಪ್ಪ ತಟ್ಟೆಗಳ ಕಡೆ ನೋಡಿದ. ಆಗ ಸಂಗೀತ ತಟ್ಟನೆ ನಿಂತು, ಒಬ್ಬ ಹೆಂಗಸು ಯಾವುದೋ ಭಾಷೆಯಲ್ಲಿ ಮಾತಾಡಿದಳು. ಅವಳ ಜೊತೆಗೊಬ್ಬ ಗಂಡಸು ಏನೋ ಅಂದ. ಅವಳು ಕಿಲಕಿಲ ನಕ್ಕಳು. ಜಟ್ಟಿಂಗಪ್ಪ ಮುಳ್ಳು ತಿರುಗಿಸಿದ. ಎರಡನೆಯ ದೇಶದಲ್ಲಿ ಅದೇ ಹೆಂಗಸು ನಗುತ್ತಿದ್ದಳು. ಮೂರನೆಯದರಲ್ಲಿಯೂ ಅವಳೇ.

ಗುತ್ಯಮ್ಮ ಸೊಂಟದ ಮೇಲೆ ಕೈಯಿಟ್ಟಳು. “ಹೆಣದ ಮನೆ ಹೆಂಗಸು ಹಿಂಗೆ ನಗ್ತಾಳಾ? ಇದು ಮೂರು ದೇಶ ಅಲ್ಲ, ಮಣ್ಣೂ ಅಲ್ಲ. ಒಬ್ಬಳೇ ಮೂರು ಕಡೆ ಕೇಳ್ತಾ ಇದಾಳೆ.”

ಮೇಷ್ಟ್ರು ಸೋಲಲಿಲ್ಲ. ದುಃಖ ಮಿತಿಮೀರಿದರೆ ಕೆಲವರು ನಗುವುದುಂಟು ಎಂದರು. ಶೇಕ್ದಾರರು, ಧ್ವಜ ಇಳಿಸಿಯಾಗಿದೆ, ಇನ್ನು ಸತ್ತಿಲ್ಲ ಎಂದು ತೀರ್ಮಾನಿಸುವ ಅಧಿಕಾರ ಖಾಸಗಿಯವರಿಗಿಲ್ಲ ಎಂದರು. ದುರ್ಗಮ್ಮನೂ ತನ್ನ ಕಣ್ಣೀರನ್ನು ಬಿಟ್ಟುಕೊಡಲು ಸಿದ್ಧಳಿರಲಿಲ್ಲ. ಬಿಸಿಲು ಹಲಸಿನ ಮರದ ತುದಿಗೆ ಏರಿತ್ತು. ಮಾಸ್ತಮ್ಮ ತಟ್ಟೆ ಎತ್ತಿಕೊಳ್ಳಲು ಹೊರಟಳು.

ಜಟ್ಟಿಂಗಪ್ಪ ಬಾಗಿಲ ಕಡೆ ನೋಡಿದ. ಆಮೇಲೆ ರೇಡಿಯೋದ ಕತ್ತಿನಿಂದ ಹಾರ ತೆಗೆದ. ದೀಪದ ಬತ್ತಿ ಎಳೆದು ಆರಿಸಿದ.

“ನಂಗೆ ಮಾಸ್ಕೋ ಮಾತು ಬರಲ್ಲ” ಎಂದ. “ಲಂಡನ್ದೂ ಬರಲ್ಲ. ಇಷ್ಟ್ ದಿನ ನಿಮಗೆ ಹೇಳಿದ್ದೆಲ್ಲ ನನ್ ತಲೆಯಿಂದ್ಲೇ ಹೇಳಿದ್ದು. ಇಂಜಿನಿಯರು ಎಂತದೋ ಹೇಳಿದ್ರು, ಅದೂ ತಿಳೀಲಿಲ್ಲ. ಯಾರೂ ಸತ್ತಿಲ್ಲ. ಎಲ್ಲಾದ್ರೂ ಸತ್ತಿದ್ರೂ ಈ ರೇಡಿಯೋಕೆ ಗೊತ್ತಿರ್ಬಹುದು, ನಂಗೆ ಗೊತ್ತಿಲ್ಲ.”

ಅಷ್ಟು ಹೇಳಿ, ಗಾಳಿ ಹಾಕುವ ಪಂಪಿನ ಪಕ್ಕ ಕೂತುಬಿಟ್ಟ. ಯಾರೂ ನಗಲಿಲ್ಲ. ನಕ್ಕರೆ ಮೇಷ್ಟ್ರ ಭಾಷಣಕ್ಕೂ ನಗಬೇಕು, ಧ್ವಜಕ್ಕೂ ನಗಬೇಕು, ತಾವು ನಿಂತ ಮೌನಕ್ಕೂ ನಗಬೇಕು. ಊರಿಗೆ ಅಷ್ಟು ಶಕ್ತಿ ಉಳಿದಿರಲಿಲ್ಲ.

ಬೆಳ್ಳಪ್ಪ ಪಂಚೆಯ ಅಂಚು ಹಿಂಡಿದ. “ಸತ್ತಿಲ್ಲ ಅಂದ್ರಲ್ಲ, ಸಾಕು. ಬೇಗ ಮಣೆ ಹಾಕಿ. ಒದ್ದೆ ಪಂಚೆ, ಚಳಿ ಹಿಡೀತಾ ಇದೆ.”

ಹಾರ ಬಂಗಾರಮ್ಮನ ಕಡೆಗೆ ವಾಪಸು ಹೋಯಿತು. ಹಾರದ ನಾಲ್ಕು ಹೂವು ಬಾಡಿದ್ದನ್ನು ಗುತ್ಯಮ್ಮ ಕಿತ್ತು ಬಿಸಾಡಿದಳು. ವಾಲಗದವರಿಲ್ಲ, ವಾದ್ಯವಿಲ್ಲದೆ ವೀಳ್ಯ ಹಿಡಿಯಲು ಮಾಸ್ತಮ್ಮ ಒಪ್ಪಲಿಲ್ಲ. ನಗುವ ಹೆಂಗಸಿನ ಮಾತು ಮುಗಿದು ರೇಡಿಯೋದಲ್ಲಿ ಮತ್ತೆ ಅದೇ ಪಿಟೀಲು ಶುರುವಾಗಿತ್ತು. ಅದರ ಎದುರೇ ಬೀಗರು ತಟ್ಟೆ ಬದಲಾಯಿಸಿದರು. ಬೆಳಿಗ್ಗೆಯಿಂದ ಊರನ್ನು ಅಳಿಸಿದ ಸಂಗೀತ ಈಗ ಯಾರಿಗೂ ಅಷ್ಟು ಕೆಟ್ಟದಾಗಿ ಕೇಳಿಸಲಿಲ್ಲ. ಚೆನ್ನಾಗಿಯೇ ಇದೆ, ಸ್ವಲ್ಪ ಡೋಲು ಸಾಲದು ಎಂದು ಸುಬ್ಬಪ್ಪ ಅಭಿಪ್ರಾಯಪಟ್ಟ.

ಧ್ವಜದ ಪ್ರಶ್ನೆ ಉಳಿಯಿತು. ಪೂರ್ತಿ ಏರಿಸಿದರೆ ತಪ್ಪು ಒಪ್ಪಿಕೊಂಡಂತೆ, ಹಾಗೇ ಬಿಟ್ಟರೆ ಮೆಮೋ. ಶೇಕ್ದಾರರು ಬಹಳ ಯೋಚಿಸಿ, ಸೂರ್ಯ ಮುಳುಗುವ ಹೊತ್ತಿಗೆ ಧ್ವಜವನ್ನು ಹೇಗಿದ್ದರೂ ಇಳಿಸಲೇಬೇಕು, ಸರ್ಕಾರಿ ನಿಯಮ ಎಂದು ಹೇಳಿ ಇಳಿಸಿ, ಮಡಚಿ, ಪೆಟ್ಟಿಗೆಗೆ ಹಾಕಿದರು. ಕತ್ತಲಾದ ಮೇಲೆ ದೆಹಲಿಯ ಕನ್ನಡ ವಾರ್ತೆ ಸಿಳ್ಳೆಗಳ ನಡುವೆ ಬಂತು. ಊರೆಲ್ಲ ಕಡುಬು ಹಿಡಿದುಕೊಂಡು ಕೊನೆಯ ಮಾತಿನವರೆಗೂ ಕೇಳಿತು. ಯಾರೂ ಸತ್ತಿರಲಿಲ್ಲ. ಗಿರಿಯಪ್ಪ ಮೇಷ್ಟ್ರು ಒಂದು ನಿಟ್ಟುಸಿರು ಬಿಟ್ಟು, ಅಂಥ ಭಾಷಣ ಮತ್ತೆ ಕೂಡಿಬರುವುದಿಲ್ಲ ಎಂದರು. ಜಟ್ಟಿಂಗಪ್ಪನನ್ನು ವಾರ್ತೆಯ ಸಾರಾಂಶ ಯಾರೂ ಕೇಳಲಿಲ್ಲ, ಅವನೂ ಹೇಳಲಿಲ್ಲ.

ಮರುದಿನ ಬೆಳಿಗ್ಗೆ ಮೊದಲ ಬಸ್ ಬಂದು ನಿಂತಿತು. ನಿಟ್ಟೂರಿನವರು ಒಬ್ಬೊಬ್ಬರಾಗಿ ಹತ್ತಿದರು. ಬೆಳ್ಳಪ್ಪ ಮೆಟ್ಟಿಲ ಮೇಲೆ ಒಂದು ಕಾಲಿಟ್ಟ. ಜಟ್ಟಿಂಗಪ್ಪ ಬಸ್ಸಿನ ಪಕ್ಕ ನಿಂತಿದ್ದ. ಬಾಗಿಲ ಮರೆಯಲ್ಲಿ ಬಂಗಾರಮ್ಮ, ಕೈಯಲ್ಲಿ ನೀರಿನ ಕೊಡ ಹಿಡಿದ ಗುತ್ಯಮ್ಮ. ಕಂಡಕ್ಟರ್ ಕೂಡ, ಏನೆಂದು ತಿಳಿಯದೆ, ಸೀಟಿ ಬಾಯಲ್ಲಿಟ್ಟುಕೊಂಡು ಕಾದ.

ಬೆಳ್ಳಪ್ಪ ತಿರುಗಿ, ಗುತ್ಯಮ್ಮನನ್ನು ನೋಡಿ, “ಹೋಗಿ ಬರ್ತೀವಿ ತಂಗಿ” ಎಂದ.

ಗುತ್ಯಮ್ಮ ಕೊಡವನ್ನು ಇಳಿಸಿ ಕಣ್ಣೊರೆಸಿಕೊಂಡಳು. ಜಗಲಿಯ ಮೇಲಿನಿಂದ, ಪಂಚೆಯನ್ನು ಮುಖದಿಂದ ಸರಿಸಿ, ಸುಬ್ಬಪ್ಪ ಉತ್ತರ ಕೊಟ್ಟ.

“ಬನ್ನಿ ಬನ್ನಿ. ನಾ ಇರ್ತೀನಿ.”